ಬೊಜ್ಜು ಎಲ್ಲಿದೆ ಸ್ವಾಮಿ?

ಸರಕಾರ ದುಂದುಗಾರ, ಖರ್ಚು ಕಡಿಮೆ ಮಾಡಲಿ ಎಂಬ ಮಾತು ನಮ್ಮ ಕೂಟಗಳಲ್ಲಿ ವೇದವಾಕ್ಯವಾಗಿಬಿಟ್ಟಿದೆ. ನಾವಿದನ್ನು ಒಪ್ಪುವುದಿಲ್ಲ.

ನೌಕರರ ಸಂಬಳ, ಆಸ್ಪತ್ರೆಯ ಔಷಧಿ, ಕಚೇರಿಯ ಕಾಗದ, ಸೈನ್ಯದ ದಿನವಹಿ ವೆಚ್ಚ, ಇಂಥವನ್ನು ಅರ್ಥಶಾಸ್ತ್ರಜ್ಞರು ಸರಕಾರದ ಅನುಭೋಗ ವೆಚ್ಚವೆನ್ನುತ್ತಾರೆ. ಸಾಲದ ಬಡ್ಡಿ ಇದರಲ್ಲಿ ಸೇರದು. 1960ರ ಸುಮಾರಿಗೆ ನಮ್ಮ ದೇಶದಲ್ಲಿ ಇದು ಒಟ್ಟು ಉತ್ಪನ್ನದ ನೂರಕ್ಕೆ 6–7ರಷ್ಟಿತ್ತು. 1962, 1965ರ ಯುದ್ಧಗಳು ಅದನ್ನು ಮೇಲೇರಿಸಿದವು. 1986ರಲ್ಲಿ ನಾಲ್ಕನೆಯ ವೇತನ ಆಯೋಗವೂ ಕೈಜೋಡಿಸಿತು. ಆ ದಶಕದ ಕೊನೆಗೆ 12ರ ಹತ್ತಿರ. ಅಲ್ಲಿಂದೀಚೆಗೆ, ಮತ್ತೆ ಮೂರು ಆಯೋಗಗಳು ಬಂದು ಹೋದರೂ, ಹೆಚ್ಚುಕಡಿಮೆ 10–12ರ ನಡುವೆಯೇ ತೂಗುತ್ತಿದೆ. ಫ್ರಾನ್ಸಿನಲ್ಲಿ ಇದು 23ರ ಆಸುಪಾಸು. ಸ್ವೀಡನ್ನಿನಲ್ಲಿ 25ಕ್ಕೂ ಮಿಕ್ಕು.

ಪೋಲು ಇಲ್ಲವೆಂದು ನಾವು ಹೇಳುತ್ತಿಲ್ಲ. ಮಂತ್ರಿಗಳ ಕಾರುಗಳ ಸಾಲನ್ನು ಕಂಡವರು ಹಾಗೆ ಹೇಳಲಾರರು! ಆದರೆ ಕತ್ತರಿ ಬೀಳುವುದು ಕಾರಿನ ಮೇಲಲ್ಲ. ಮುಂಬಯಿ ಮಹಾನಗರಪಾಲಿಕೆ ನಡೆಸುವ ಕನ್ನಡ ಶಾಲೆಯ ಶಿಕ್ಷಕರ ಸಂಬಳವೂ ಇದೇ ಲೆಕ್ಕದ್ದು. ನಿವೃತ್ತರ ಜಾಗವನ್ನು ತುಂಬದೆ ಬಿಟ್ಟರೆ ಕಡತದಲ್ಲಿ ಅದು ಮಿತವ್ಯಯ; ಹೋಟೆಲಿನಲ್ಲಿ ದುಡಿಯುವ, ಗಾರೆ ಹೊರುವ ನಮ್ಮವರ ಮಕ್ಕಳಿಗೆ ಅದು ಶಿಕ್ಷಕರಿಲ್ಲದ ತರಗತಿ. ಖಾಸಗಿ ಶಾಲೆಯ ಶುಲ್ಕ ಕಟ್ಟಬಲ್ಲವರಿಗೆ ಈ ಉಳಿತಾಯ ತಟ್ಟುವುದಿಲ್ಲ, ಅದಕ್ಕೇ ಅವರ ದನಿ ಅಷ್ಟು ದೊಡ್ಡದು. ಮುಂದಿನ ಸಭೆಯಲ್ಲಿ ಖರ್ಚು ಕಡಿತದ ಭಾಷಣ ಮಾಡುವವರು ಯಾರ ಹುದ್ದೆ ತೆಗೆಯಬೇಕು, ಶಿಕ್ಷಕರದೋ, ದಾದಿಯದೋ, ಪೇದೆಯದೋ, ಎಂಬುದನ್ನೂ ವೇದಿಕೆಯ ಮೇಲೆಯೇ ಹೇಳಲಿ.