ಬಿಪಿ ಅಂದ್ರೆ ಬರೀ ಟೆನ್ಶನ್ ಅಲ್ಲ

ಕಳೆದ ಯುಗಾದಿಗೆ ನಾವೊಂದಷ್ಟು ಜನ ಕಾರು ಹಂಚಿಕೊಂಡು ಲಿವರ್‌ಮೋರ್‌ನ ಶಿವ-ವಿಷ್ಣು ದೇವಸ್ಥಾನಕ್ಕೆ ಹೋಗಿದ್ವಿ. "ಊರಿನ ಹೆಸರಲ್ಲೇ ಲಿವರ್ ಇದೆಯಲ್ಲೋ!" ಅಂತ ಗೆಳೆಯನೊಬ್ಬ ನಗಿಸ್ತಿದ್ದ. ಅಷ್ಟರಲ್ಲಿ ಮೈಸೂರಿನಿಂದ ಚಿಕ್ಕಮ್ಮನ ಫೋನು. ನಮಗೆ ಬೆಳಿಗ್ಗೆ, ಅವರಿಗೆ ರಾತ್ರಿ. "ಇವಳಿಗೆ ಬಿಪಿ ನೂರೈವತ್ತಂತೆ ಕಣೋ. ಪರೀಕ್ಷೆ ಟೆನ್ಶನ್ ಇರಬೇಕು ಅಂದ್ರು ಡಾಕ್ಟ್ರು."

ಇವಳು ಅಂದ್ರೆ ಚಿಕ್ಕಮ್ಮನ ಮಗಳು, 22 ವರ್ಷದ ನನ್ನ ತಂಗಿ. ಅವಳದ್ದೂ ಲಿವರ್‌ನಿಂದಲೇ ಶುರುವಾದ ಕಥೆ. ಹುಟ್ಟಿನಿಂದ ಅವಳಿಗೆ ಗ್ಲೈಕೋಜನ್ ಶೇಖರಣಾ ಕಾಯಿಲೆ ಇದೆ, ಟೈಪ್ 1ಎ. 1929ರಲ್ಲಿ ವಾನ್ ಗಿಯರ್ಕೆ ವಿವರಿಸಿದ ಕಾಯಿಲೆ ಇದು. ಹೊಟ್ಟೆ ಖಾಲಿಯಾದಾಗ ಲಿವರ್ ತಾನು ಕೂಡಿಟ್ಟಿದ್ದನ್ನು ಗ್ಲೂಕೋಸ್ ಮಾಡಿ ರಕ್ತಕ್ಕೆ ಬಿಡಬೇಕು. ಅದಕ್ಕೆ ಬೇಕಾದ ಕಿಣ್ವ ಇವರಲ್ಲಿ ಕೆಲಸ ಮಾಡುವುದಿಲ್ಲ ಎಂದು 1952ರಲ್ಲಿ ಕೋರಿ ದಂಪತಿ ತೋರಿಸಿದರು. ಉಗ್ರಾಣದ ತುಂಬ ಅಕ್ಕಿಯಿದ್ದೂ ಬೀಗದ ಕೈ ಕಳೆದುಹೋದ ಹಾಗೆ. 1984ರಲ್ಲಿ ಒಂದು ಸುಲಭ ಉಪಾಯ ಹೊರಬಂತು: ಗೋಬಿ ಮಂಚೂರಿಗೆ ಹಾಕ್ತೀವಲ್ಲ, ಅದೇ ಕಾರ್ನ್ ಫ್ಲೋರನ್ನು ಬೇಯಿಸದೆ ನೀರಲ್ಲಿ ಕಲಸಿ ಕೆಲವು ಗಂಟೆಗೊಮ್ಮೆ ಕುಡಿಸುವುದು. ಚಿಕ್ಕಮ್ಮ ಎಷ್ಟೋ ವರ್ಷ ರಾತ್ರಿ ಅಲಾರಾಂ ಇಟ್ಟುಕೊಂಡು ಎದ್ದಿದ್ದಾರೆ.

ಹಾಗೆ ಬದುಕಿದ ಮಕ್ಕಳು ಈಗ ದೊಡ್ಡವರಾಗಿದ್ದಾರೆ. ಅವರ ಹೊಸ ಕಷ್ಟಗಳನ್ನು ಯಾರು ನೋಡ್ತಿದ್ದಾರೆ ಅನ್ನೋದೇ ನನ್ನ ಪ್ರಶ್ನೆ. ಆ ಕಿಣ್ವ ಮೂತ್ರಪಿಂಡಕ್ಕೂ ಬೇಕು. ಅದಿಲ್ಲದೆ ವರ್ಷಗಟ್ಟಲೆ ದಣಿದ ಮೂತ್ರಪಿಂಡ ಮೊದಲು ಮೂತ್ರದಲ್ಲಿ ಪ್ರೋಟೀನ್ ಸೋರಿಸುತ್ತದೆ, ಆಮೇಲೆ ಬಿಪಿ ಏರಬಹುದು. ಅಂದರೆ ಇವರಲ್ಲಿ ಬಿಪಿ ಮೂತ್ರಪಿಂಡ ಕಳಿಸಿದ ನೋಟೀಸು ಆಗಿರಬಹುದು. ಔಷಧಿಯಲ್ಲೂ ಎಚ್ಚರ ಬೇಕು. ಬೀಟಾ ಬ್ಲಾಕರ್ ಕೊಟ್ಟರೆ ಶುಗರ್ ಇಳಿದಾಗ ಆಗುವ ನಡುಕ, ಎದೆಬಡಿತ ಗೊತ್ತೇ ಆಗದಿರಬಹುದು. ಸಾಮಾನ್ಯವಾಗಿ ಇವರಿಗೆ ಕೊಡುವುದು ಮೂತ್ರಪಿಂಡವನ್ನೂ ಕಾಯುವ ಎಸಿಇ ಇನ್ಹಿಬಿಟರ್ ಗುಂಪಿನ ಮಾತ್ರೆ. ಅದೂ ಗರ್ಭಿಣಿಯರಿಗೆ ಆಗದು, ಆದ್ದರಿಂದ ಮದುವೆ ವಯಸ್ಸಿನ ಹುಡುಗಿಗೆ ಈ ಮಾತನ್ನು ಮೊದಲೇ ಹೇಳಬೇಕು.

ತಂಗಿಗೆ ಬರೆದುಕೊಟ್ಟಿದ್ದು ಬೀಟಾ ಬ್ಲಾಕರನ್ನೇ. ಅವಳ ಹಳೇ ಮಕ್ಕಳ ಡಾಕ್ಟರಿಗೆ ಫೋನ್ ಮಾಡಿದ್ದಕ್ಕೆ ತಪ್ಪಿತು. ಮೂತ್ರ ಪರೀಕ್ಷೆ ಮಾಡಿಸಿದಾಗ ಪ್ರೋಟೀನ್ ಇತ್ತು.

2021ರ ರಾಷ್ಟ್ರೀಯ ಅಪರೂಪದ ಕಾಯಿಲೆಗಳ ನೀತಿಯಲ್ಲಿ ಬೆಂಗಳೂರಿಗೂ ಒಂದು ಕೇಂದ್ರ ಸಿಕ್ಕಿದೆ. ಸೆಂಟರ್ ಫಾರ್ ಹ್ಯೂಮನ್ ಜೆನೆಟಿಕ್ಸ್ ಮತ್ತು ಇಂದಿರಾ ಗಾಂಧಿ ಮಕ್ಕಳ ಆಸ್ಪತ್ರೆ ಸೇರಿ ನಡೆಸುವಂಥದ್ದು. ಸಂತೋಷ. ಆದರೆ ಮಕ್ಕಳ ಆಸ್ಪತ್ರೆಯಿಂದ ದೊಡ್ಡವರ ಆಸ್ಪತ್ರೆಗೆ ಕೈಹಿಡಿದು ದಾಟಿಸುವವರೂ ಬೇಕಲ್ಲವೇ? ಕಾಯಿಲೆಯ ಹೆಸರು, ಕೊಡಬಾರದ ಔಷಧಿ, ವರ್ಷವರ್ಷ ಮಾಡಬೇಕಾದ ಬಿಪಿ ಮತ್ತು ಮೂತ್ರ ಪರೀಕ್ಷೆ, ಇಷ್ಟನ್ನು ಬರೆದ ಒಂದು ಹಾಳೆ ಕೊಟ್ಟು ಕಳಿಸಿದರೂ ಸಾಕು.

ಗೆಳೆಯರೇ, ನಮ್ಮ ಕಡೆ ಸಂಬಂಧದೊಳಗೇ ಮದುವೆ ಹೆಚ್ಚು. ಅಪ್ಪ-ಅಮ್ಮ ಇಬ್ಬರಿಂದಲೂ ದೋಷವಿರುವ ಜೀನ್ ಬಂದರೆ ಮಾತ್ರ ಕಾಣಿಸಿಕೊಳ್ಳುವ ಇಂಥ ಕಾಯಿಲೆಗಳು ನಮ್ಮ ಮನೆಗಳಲ್ಲಿ ಗುಟ್ಟಾಗೇ ಉಳಿದಿರುತ್ತವೆ. ಈ ವಾರ ಊರಿಗೆ ಫೋನ್ ಮಾಡಿದಾಗ "ಊಟ ಆಯ್ತಾ?" ಜೊತೆಗೆ "ನಮ್ಮನೇಲಿ ಯಾರಿಗೆ ಏನಿತ್ತಮ್ಮಾ?" ಅಂತಲೂ ಕೇಳಿ. ಕೇಳಿದ್ದನ್ನು ಬರೆದಿಡಿ. ಚಿಕ್ಕ ವಯಸ್ಸಿನವರ ಬಿಪಿ ಏರಿದರೆ ಟೆನ್ಶನ್ ಅಂತ ತಳ್ಳಿಹಾಕಬೇಡಿ, ಕಾರಣ ಹುಡುಕಿಸಿ.