ಆನೆ ಬಿದ್ದರೆ ಆಳಿಗೊಂದು ಕಲ್ಲು

2024ರ ಡಿಸೆಂಬರ್ 12ರಂದು ಸಿಂಗಪುರದಲ್ಲಿ ಚೀನಾದ ಡಿಂಗ್ ಲಿರೆನ್ ಅವರು ತಮ್ಮ ಐವತ್ತೈದನೆಯ ನಡೆಯಲ್ಲಿ ಆನೆಯನ್ನು ಎಫ್-4 ಮನೆಯಿಂದ ಎಫ್-2 ಮನೆಗೆ ಸರಿಸಿದರು. ಮೂರು ನಡೆಗಳ ಅನಂತರ ಆಟ ಮುಗಿಯಿತು. ಚೆನ್ನೈನ ಹದಿನೆಂಟು ವರ್ಷದ ತರುಣ ಡಿ. ಗುಕೇಶ್ ಚದುರಂಗದ ವಿಶ್ವ ಚಾಂಪಿಯನ್ ಆದರು. ಅದುವರೆಗೆ ಆ ಪಟ್ಟವೇರಿದವರಲ್ಲಿ ಅವರೇ ಅತ್ಯಂತ ಕಿರಿಯರು.

ಆನೆ ಬಿದ್ದರೆ ಆಳಿಗೊಂದು ಕಲ್ಲು ಎಂಬ ಗಾದೆಯನ್ನು ನಮ್ಮ ಹಿರಿಯರು ಚದುರಂಗದ ಆನೆಯನ್ನು ಕುರಿತು ಹೇಳಿದ್ದಲ್ಲ. ಆದರೆ ಅಂದಿನಿಂದ ಒಂದು ವಾರ ಕಾಲ ಆ ಗಾದೆಗೆ ಅದಕ್ಕಿಂತ ತಕ್ಕ ಉದಾಹರಣೆ ಬೇರೊಂದಿರಲಿಲ್ಲ. ಹಿಂದಿನ ವಿಶ್ವ ಚಾಂಪಿಯನ್ನರಲ್ಲೊಬ್ಬರು ಆಟದ ಮಟ್ಟವನ್ನೇ ಹೀಗಳೆದರು. ರಷ್ಯಾದ ಚದುರಂಗ ಒಕ್ಕೂಟದ ಅಧ್ಯಕ್ಷರು, ಡಿಂಗ್ ಬೇಕೆಂದೇ ಸೋತಿರಬಹುದೆಂದು ಶಂಕಿಸಿ ತನಿಖೆಯಾಗಬೇಕೆಂದರು ಎಂಬ ಸುದ್ದಿ ಬಂತು. ನಮ್ಮ ಕಡೆಯ ಹರಟೆಕಟ್ಟೆಗಳಲ್ಲಂತೂ, ಕುದುರೆ ಹೇಗೆ ನಡೆಯುತ್ತದೆಂದು ತಿಳಿಯದವರು ಕೂಡ “ಅವನು ತಪ್ಪು ಮಾಡಿದ, ಇವನು ಗೆದ್ದ, ಅಷ್ಟೆ” ಎಂದು ತೀರ್ಪು ಕೊಟ್ಟು ಕಾಫಿ ಕುಡಿದರು.

ನನ್ನ ತಕರಾರು ಈ “ಅಷ್ಟೆ” ಎಂಬ ಪದದ ಮೇಲೆ. ನನ್ನಿಂದ ಗಣಿತದ ಪಾಠ ಹೇಳಿಸಿಕೊಂಡು ಈಗ ನಾನಾ ಕಡೆ ನೆಲೆಸಿರುವ ನೀವು, ಹಾಗೂ ನನ್ನ ಉಪದೇಶಗಳನ್ನು ಸಹಿಸಿಕೊಂಡು ಬಂದಿರುವ ಬಂಧುಗಳು, ಸ್ವಲ್ಪ ಸಾವಧಾನವಾಗಿ ಓದಬೇಕೆಂದು ಕೋರುತ್ತೇನೆ.

ಮೊದಲು ಒಂದು ಪದದ ವಿಚಾರ. “ಟೀಕೆ” ಎಂದರೆ ಇಂದು ನಿಂದೆ, ಆಕ್ಷೇಪಣೆ ಎಂದೇ ಅರ್ಥವಾಗಿಬಿಟ್ಟಿದೆ. ಆದರೆ ಹಳೆಯ ಕನ್ನಡ ಪಂಡಿತರಿಗೆ ಟೀಕೆ, ಟೀಕು ಎಂದರೆ ವಿವರಣೆ. ಕಠಿಣವಾದ ಪದ್ಯವನ್ನು ಬಿಡಿಸಿ, ಪದಕ್ಕೆ ಪದ ಅರ್ಥ ಹೇಳಿ, ಕವಿಯ ಮನಸ್ಸಿನಲ್ಲಿ ಏನಿತ್ತೆಂಬುದನ್ನು ಓದುಗನ ಮುಂದಿಡುವುದು. ಗಮಕಿ ಹಾಡುತ್ತಾನೆ, ಪಕ್ಕದಲ್ಲಿ ಕುಳಿತ ವ್ಯಾಖ್ಯಾನಕಾರ ಬಿಡಿಸಿ ಹೇಳುತ್ತಾನೆ. ಕೇಳುವ ರೈತನಿಗೂ ಕುಮಾರವ್ಯಾಸ ದಕ್ಕುತ್ತಾನೆ. ದೊಡ್ಡ ಆಟಗಾರರ ಆಟಕ್ಕೂ ಇಂಥದೇ ಟೀಕೆ ಬೇಕು. ನಾವು ವಿವರಣೆಯನ್ನು ಬಿಟ್ಟು ನಿಂದೆಯನ್ನು ಮಾತ್ರ ಉಳಿಸಿಕೊಂಡೆವು. ಪದಕ್ಕಾದ ಗತಿಯೇ ಆಟಕ್ಕೂ ಆಗಿದೆ.

ಟೀಕೆ ಎಂದರೇನೆಂಬುದನ್ನು ಮಾತಿನಲ್ಲಿ ಹೇಳುವುದಕ್ಕಿಂತ ಮಾಡಿ ತೋರಿಸುತ್ತೇನೆ. ಮನೆಯಲ್ಲಿ ಮಣೆಯಿದ್ದರೆ ಕಾಯಿಗಳನ್ನು ಜೋಡಿಸಿಕೊಳ್ಳಿ.

ಅದು ಪಂದ್ಯಾವಳಿಯ ಹದಿನಾಲ್ಕನೆಯ, ಕಟ್ಟಕಡೆಯ ನಿಯಮಿತ ಆಟ. ಹದಿಮೂರು ಆಟಗಳ ಅನಂತರ ಇಬ್ಬರಿಗೂ ಆರೂವರೆ ಅಂಕ. ಡಿಂಗ್ ಅವರದು ಬಿಳಿ, ಗುಕೇಶ್ ಅವರದು ಕಪ್ಪು. ಡ್ರಾ ಆಗಿದ್ದರೆ ಮರುದಿನ ಅವಸರದ ಆಟಗಳಲ್ಲಿ ನಿರ್ಣಯ. ಇಪ್ಪತ್ತೊಂಬತ್ತನೆಯ ನಡೆಯಲ್ಲಿ ಡಿಂಗ್ ಒಂದು ಕಾಲಾಳನ್ನು ಬಿಟ್ಟುಕೊಟ್ಟು ಮಂತ್ರಿಗೆ ಮಂತ್ರಿಯನ್ನು ಹೊಡೆಸಿ ಮಣೆಯನ್ನು ಬರಿದು ಮಾಡಿದರು. ಅನಂತರ ಒಂದು ಜೊತೆ ಆನೆಗಳೂ ಹೋದವು. ಮೂವತ್ತೆರಡನೆಯ ನಡೆಯ ಹೊತ್ತಿಗೆ ಉಳಿದದ್ದು ಇಬ್ಬರಿಗೂ ಒಂದೊಂದು ಆನೆ, ಒಂದೊಂದು ಒಂಟೆ; ಕಪ್ಪಿಗೆ ಮೂರು ಕಾಲಾಳು, ಬಿಳಿಗೆ ಎರಡು. ಕಾಲಾಳುಗಳೆಲ್ಲ ಮಣೆಯ ಒಂದೇ ಮಗ್ಗುಲಲ್ಲಿ. ಇಂಥ ಸ್ಥಿತಿಯಲ್ಲಿ ಅನುಭವಿಗಳು ಡ್ರಾ ಎಂದು ಕೈಕುಲುಕುವುದುಂಟು. ಗುಕೇಶ್ ಕೈಕುಲುಕಲಿಲ್ಲ. ಮುಂದಿನ ಇಪ್ಪತ್ತಕ್ಕೂ ಹೆಚ್ಚು ನಡೆಗಳಲ್ಲಿ ಒಂದೊಂದಾಗಿ ಸಣ್ಣ ಸಣ್ಣ ಪ್ರಶ್ನೆಗಳನ್ನು ಎದುರಾಳಿಯ ಮುಂದಿಡುತ್ತ ಹೋದರು.

ಐವತ್ತನಾಲ್ಕನೆಯ ನಡೆ ಮುಗಿದಾಗ ಮಣೆ ಹೀಗಿತ್ತು. ಬಿಳಿ: ರಾಜ ಜಿ-1, ಆನೆ ಎಫ್-4, ಒಂಟೆ ಎ-8, ಕಾಲಾಳು ಜಿ-3. ಕಪ್ಪು: ರಾಜ ಇ-5, ಆನೆ ಬಿ-2, ಒಂಟೆ ಇ-6, ಕಾಲಾಳುಗಳು ಎಫ್-5 ಮತ್ತು ಜಿ-4. ಎರಡೂ ಒಂಟೆಗಳು ಬಿಳಿಯ ಮನೆಗಳಲ್ಲೇ ಓಡಾಡುವಂಥವು ಎಂಬುದನ್ನು ಗಮನಿಸಿ. ಆದ್ದರಿಂದ ಒಂದನ್ನೊಂದು ಎದುರಿಸಬಲ್ಲವು.

ಇಲ್ಲಿ ಡಿಂಗ್ ಆನೆಯನ್ನು ಎಫ್-2ಕ್ಕೆ ತಂದರು, ಅಂದರೆ ಆನೆಗೆ ಆನೆಯನ್ನು ಹೊಡೆಸಲು ಮುಂದಾದರು. ಗುಕೇಶ್ ಹೊಡೆದರು, ರಾಜ ಆ ಆನೆಯನ್ನು ಹೊಡೆದ. ಆಗ ಬಂತು ನಿಜವಾದ ನಡೆ: ಕಪ್ಪು ಒಂಟೆ ಡಿ-5ಕ್ಕೆ. ಬಿಳಿಯ ಒಂಟೆ ಮಣೆಯ ಮೂಲೆಯಲ್ಲಿದೆ. ಮೂಲೆಯಿಂದ ಹೊರಡುವುದು ಒಂದೇ ಕರ್ಣ, ಆ ಕರ್ಣದ ಮೇಲೆ ಕಪ್ಪು ಒಂಟೆ ಕುಳಿತಿದೆ. ತಪ್ಪಿಸಿಕೊಳ್ಳಲು ದಾರಿಯಿಲ್ಲ. ಒಂಟೆಗೆ ಒಂಟೆ ಹೋಗಲೇಬೇಕು. ಬಿಳಿ ಹೊಡೆಯಿತು, ಕಪ್ಪು ರಾಜ ಹೊಡೆದ. ಬಿಳಿ ರಾಜ ಇ-3ಕ್ಕೆ ಬಂದ, ಕಪ್ಪು ರಾಜ ಇ-5ಕ್ಕೆ ಬಂದು ಎದುರು ನಿಂತ. ಈಗ ನಡೆಯುವ ಸರದಿ ಬಿಳಿಯದು, ನಡೆಯುವುದೇ ಶಾಪ. ರಾಜ ಒಂದು ಪಕ್ಕಕ್ಕೆ ಸರಿದರೆ ಮತ್ತೊಂದು ಪಕ್ಕ ತೆರೆದುಕೊಳ್ಳುತ್ತದೆ. ಡಿಂಗ್ ಸೋಲೊಪ್ಪಿದರು.

ಇಲ್ಲಿಗೆ ನಿಲ್ಲಿಸಿದರೆ ಅದು ವರದಿ. ಟೀಕೆ ಒಂದು ಹೆಜ್ಜೆ ಹಿಂದಕ್ಕೆ ಹೋಗುತ್ತದೆ. ಆ ಒಂಟೆ ಮೂಲೆಗೆ ಹೋದದ್ದು ಯಾವಾಗ? ಎರಡೇ ನಡೆಗಳ ಮೊದಲು, ಐವತ್ತಮೂರನೆಯ ನಡೆಯಲ್ಲಿ, ಬಿ-7ರಿಂದ. ಅದು ಬಿ-7ರಲ್ಲೇ ಇದ್ದಿದ್ದರೆ ಕಪ್ಪು ಒಂಟೆ ಡಿ-5ಕ್ಕೆ ಬಂದಾಗ ಎ-6ಕ್ಕೋ ಸಿ-8ಕ್ಕೋ ಸರಿದು ಉಳಿದುಕೊಳ್ಳುತ್ತಿತ್ತು. ಮೂಲೆಗೆ ಹೋದ ನಡೆ ತನ್ನಷ್ಟಕ್ಕೆ ತಪ್ಪಲ್ಲ. ಆನೆಗಳು ಮಣೆಯ ಮೇಲಿದ್ದಷ್ಟು ಹೊತ್ತು ಅದರಿಂದ ಬಾಧಕವಿರಲಿಲ್ಲ. ಆನೆಗೆ ಆನೆ ಹೊಡೆಸುವುದೂ ತನ್ನಷ್ಟಕ್ಕೆ ತಪ್ಪಲ್ಲ. ಒಂಟೆ ಬೇರೆಡೆ ಇದ್ದಿದ್ದರೆ ನಡೆಯುತ್ತಿತ್ತು. ಎರಡು ನಿರಪಾಯದ ನಡೆಗಳು ಒಟ್ಟಾಗಿ ಅಪಾಯವಾದವು. ಆನೆಯನ್ನು ಎ-4ಕ್ಕೆ ಸರಿಸಿ ಕಾಯುತ್ತ ಕುಳಿತಿದ್ದರೆ ಸಾಕಾಗಿತ್ತು.

ಇನ್ನೂ ಒಂದು ಹೆಜ್ಜೆ ಹಿಂದೆ ಹೋಗಿ. ಕಾಲಾಳನ್ನು ಕೊಟ್ಟು ಮಂತ್ರಿಗಳನ್ನು ತೆಗೆಸಿದ ಮನಸ್ಸೇ, ಕಡೆಯಲ್ಲಿ ಆನೆಗಳನ್ನೂ ತೆಗೆಸಲು ಹೋಯಿತು. ಹದಿನಾಲ್ಕು ಆಟಗಳ ದಣಿವಿನಲ್ಲಿ “ಬೇಗ ಮುಗಿದರೆ ಸಾಕು” ಎನ್ನುವ ಮನಸ್ಸು ಅದು ಎಂಬುದು ನನ್ನ ಓದು. ಪರೀಕ್ಷೆಯ ಕೊನೆಯ ಕಾಲುಗಂಟೆಯಲ್ಲಿ ಸರಿಯಾದ ಉತ್ತರವನ್ನು ಹೊಡೆದುಹಾಕಿ ತಪ್ಪು ಬರೆದ ಜಾಣ ಹುಡುಗರನ್ನು ನಾನು ಬೇಕಾದಷ್ಟು ಕಂಡಿದ್ದೇನೆ. ಅವರು ದಡ್ಡರಲ್ಲ, ದಣಿದವರು. ಹಾಗೆ ದಣಿಯುವವರೆಗೂ ಎದುರಾಳಿಯನ್ನು ಕೂರಿಸಿದ್ದು ಗುಕೇಶ್ ಅವರ ಕೆಲಸ. ಹೀಗಿರುವಾಗ ಅದನ್ನು ಉಡುಗೊರೆ ಎನ್ನುವವರು ಇಬ್ಬರನ್ನೂ ಅವಮಾನಿಸುತ್ತಾರೆ.

ಇಷ್ಟನ್ನು ಕನ್ನಡದಲ್ಲಿ ಹೇಳಲು ನನಗೆ ಎಷ್ಟು ಜಾಗ ಬೇಕಾಯಿತು? ಪತ್ರಿಕೆಯ ಎರಡು ಅಂಕಣವೂ ಇಲ್ಲ. ಆದರೂ ಮರುದಿನ ನನ್ನ ಮನೆಗೆ ಬರುವ ಕನ್ನಡ ಪತ್ರಿಕೆಗಳಲ್ಲಿ ಬಹುಮಾನದ ಕೋಟಿಗಳ ಲೆಕ್ಕವಿತ್ತು, ಆನಂದಬಾಷ್ಪದ ಚಿತ್ರವಿತ್ತು, ಆಟವೇ ಇರಲಿಲ್ಲ. ಅದೇ ವರ್ಷದ ಏಪ್ರಿಲ್‌ನಲ್ಲಿ ಟೊರಾಂಟೊದಲ್ಲಿ ನಡೆದ ಕ್ಯಾಂಡಿಡೇಟ್ಸ್ ಪಂದ್ಯಾವಳಿಯ ಕೊನೆಯ ಸುತ್ತಿನ ಗತಿಯೂ ಇದೇ. ಗುಕೇಶ್–ನಕಾಮುರ ಡ್ರಾ, ಕರುವಾನ–ನೆಪೊಮ್ನಿಯಾಚಿ ಡ್ರಾ ಎಂದು ಎರಡು ಸಾಲು. ಆ ಎರಡನೆಯ ಡ್ರಾ 109 ನಡೆಗಳ ಮಹಾಯುದ್ಧವೆಂದೂ, ಕರುವಾನ ಗೆಲುವಿನ ಬಾಗಿಲಿಗೆ ಬಂದು ಮರಳಿದ್ದರಿಂದಲೇ ಗುಕೇಶ್ ಒಬ್ಬರೇ ಮೊದಲಿಗರಾದರೆಂದೂ ಓದುಗನಿಗೆ ತಿಳಿಯುವುದೆಂತು? ಕ್ರಿಕೆಟ್ಟಿನ ಒಂದೊಂದು ಚೆಂಡಿಗೂ ಪುಟಗಟ್ಟಲೆ ಬರೆಯುವವರಿಗೆ ಜಾಗವಿಲ್ಲವೆಂದರೆ ನಾನು ನಂಬಲಾರೆ.

ಇದಕ್ಕೆ ಬರುವ ಉತ್ತರಗಳನ್ನು ನಾನು ಬಲ್ಲೆ. ಒಂದೊಂದಾಗಿ ನೋಡೋಣ.

ಮೊದಲನೆಯದು: ಕಂಪ್ಯೂಟರ್ ಇರುವಾಗ ಟೀಕೆ ಯಾಕೆ? ಕಂಪ್ಯೂಟರ್ ಮನುಷ್ಯನಿಗಿಂತ ಚೆನ್ನಾಗಿ ಆಡುತ್ತದೆಂಬುದರಲ್ಲಿ ವಾದವಿಲ್ಲ. 1997ರಲ್ಲಿ ಕಾಸ್ಪರೋವ್ ಅವರೇ ಡೀಪ್ ಬ್ಲೂ ಯಂತ್ರಕ್ಕೆ ಸೋತ ಮೇಲೆ ಆ ಚರ್ಚೆ ಮುಗಿದಂತೆಯೇ. ರಜೆಗೆ ಬಂದಿದ್ದ ಮೊಮ್ಮಗ ಮೊಬೈಲಿನಲ್ಲಿ ಒಂದು ಆಟ ತೋರಿಸುತ್ತ, “ತಾತ, ಈಗ ಬ್ಲ್ಯಾಕ್ ಗೆಲ್ಲುತ್ತೆ” ಎಂದ. “ಯಾಕಪ್ಪ?” ಎಂದೆ. “ಕಂಪ್ಯೂಟರ್ ಮೈನಸ್ ಐದು ತೋರಿಸ್ತಿದೆಯಲ್ಲ” ಎಂದ. “ಅದು ಸರಿ, ಯಾಕೆ?” ಎಂದು ಮತ್ತೆ ಕೇಳಿದ್ದಕ್ಕೆ ಅವನು ನನ್ನನ್ನು ಕನಿಕರದಿಂದ ನೋಡಿದ. ಪುಸ್ತಕದ ಹಿಂದಿನ ಪುಟದಲ್ಲಿ ಉತ್ತರ ನೋಡಿಕೊಂಡು ಬರೆದವರಿಗೆ ನಾನು ಎಷ್ಟು ಅಂಕ ಕೊಡುತ್ತಿದ್ದೆನೆಂಬುದು ನಿಮಗೆ ನೆನಪಿರಬೇಕು. ನಾಲ್ಕು ಅಂಕದ ಲೆಕ್ಕದಲ್ಲಿ ಉತ್ತರಕ್ಕೆ ಒಂದು, ಕ್ರಮಕ್ಕೆ ಮೂರು. ಯಂತ್ರ ಕೊಡುವುದು ಉತ್ತರ. ಕ್ರಮವನ್ನು ಕೊಡಬೇಕಾದವನು ಮನುಷ್ಯ.

ಎರಡನೆಯದು: ಇಂಗ್ಲಿಷಿನಲ್ಲಿ ಬೇಕಾದಷ್ಟಿದೆ, ಓದಲಿ. ಇದೆ, ನಿಜ. ಆದರೆ ಅಲ್ಲಿಯ ಶ್ರೇಷ್ಠ ಗ್ರಂಥಗಳೂ ಯಾರದೋ ತಾಯ್ನುಡಿಯಲ್ಲಿಯೇ ಹುಟ್ಟಿದವು. 1953ರ ಜೂರಿಕ್ ಪಂದ್ಯಾವಳಿಯಲ್ಲಿ ಹದಿನೈದು ಮಂದಿ ಆಡಿದರು. ಅವರಲ್ಲೊಬ್ಬರಾದ ಡೇವಿಡ್ ಬ್ರಾನ್‌ಸ್ಟೈನ್, 210 ಆಟಗಳಿಗೂ ಟೀಕೆ ಬರೆದರು. ಬರೆದದ್ದು ರಷ್ಯನ್ ಭಾಷೆಯಲ್ಲಿ, ನಡೆಗಳ ರಾಶಿಗಿಂತ ನಡೆಗಳ ಹಿಂದಿನ ಆಲೋಚನೆಗೆ ಮಹತ್ವ ಕೊಟ್ಟು. ಇಂಗ್ಲಿಷಿಗೆ ಬಂದದ್ದು ಆಮೇಲೆ. ತಮ್ಮ ಮಕ್ಕಳಿಗೆ ತಮ್ಮ ನುಡಿಯಲ್ಲಿ ವಿವರಿಸಿದ ನಾಡಿನಿಂದ ಸಾಲು ಸಾಲಾಗಿ ಚಾಂಪಿಯನ್ನರು ಬಂದುದರಲ್ಲಿ ಇಂಥ ಪುಸ್ತಕಗಳ ಪಾಲೇ ಇಲ್ಲವೆಂದು ಯಾರೂ ಹೇಳಲಾರರು.

ಮೂರನೆಯದು ಎಲ್ಲಕ್ಕಿಂತ ಹಾಸ್ಯಾಸ್ಪದವಾದದ್ದು: ಕನ್ನಡದಲ್ಲಿ ಪದಗಳೆಲ್ಲಿವೆ? ರಾಜ, ಮಂತ್ರಿ, ಆನೆ, ಕುದುರೆ, ಒಂಟೆ, ಕಾಲಾಳು, ಮಣೆ, ಮನೆ, ನಡೆ, ಹೊಡೆ, ಕಟ್ಟಿಹಾಕು. ಮೇಲಿನ ವಿವರಣೆಯಲ್ಲಿ ನನಗೆ ಯಾವ ಪದದ ಕೊರತೆಯಾಯಿತು? ಆಟ ಹುಟ್ಟಿದ ದೇಶದವರು ನಾವು. ನಮ್ಮ ಮುಮ್ಮಡಿ ಕೃಷ್ಣರಾಜ ಒಡೆಯರು (1794–1868), ರಾಜ್ಯದ ಆಡಳಿತ 1831ರಲ್ಲಿ ಬ್ರಿಟಿಷರ ಕೈಸೇರಿದ ಮೇಲೆ ವಿದ್ಯೆ, ಕಲೆಗಳೊಡನೆ ಮಣೆಯಾಟಗಳಿಗೂ ಮನಸ್ಸು ಕೊಟ್ಟವರು. ಕುದುರೆಯೊಂದು ಅರವತ್ತನಾಲ್ಕು ಮನೆಗಳನ್ನೂ ಒಂದೊಂದೇ ಸಲ ಮೆಟ್ಟಿ ಬರುವ ಬಂಧಗಳನ್ನು ರಚಿಸಿದವರು. ಅಂಥ ಅರಸರ ನಾಡಿನಲ್ಲಿ, 2017ರಲ್ಲಿ ಮೈಸೂರಿನ ತೇಜ್ ಕುಮಾರ್ ಅವರು ರಾಜ್ಯದ ಮೊದಲ ಗ್ರ್ಯಾಂಡ್‌ಮಾಸ್ಟರ್ ಆದಾಗ ಸಂತೋಷಪಟ್ಟ ನಾವು, ಅವರು ಆಡಿದ ಒಂದೇ ಒಂದು ಆಟವನ್ನಾದರೂ ಕನ್ನಡದಲ್ಲಿ ಓದಿದೆವೇ? 2022ರಲ್ಲಿ ಬೆಂಗಳೂರಿನ ಪ್ರಣವ್ ಆನಂದ್ ಗ್ರ್ಯಾಂಡ್‌ಮಾಸ್ಟರ್ ಆದಾಗ? ಹಾರ ಹಾಕಿದೆವು, ಚಿತ್ರ ತೆಗೆಸಿಕೊಂಡೆವು. ಕವಿಗೆ ಸನ್ಮಾನ ಮಾಡಿ ಕಾವ್ಯವನ್ನು ಓದದವರ ಜಾತಿಗೆ ಸೇರಿದೆವು.

ಕೊನೆಯದು: ಹಳ್ಳಿಯ ಮಕ್ಕಳಿಗೆ ಇದರಿಂದೇನು? ಇದನ್ನು ಕೇಳುವವರು ಹೊಳೆನರಸೀಪುರ, ಅರಕಲಗೂಡು ಕಡೆಯ ಶಾಲೆಯೊಂದಕ್ಕೆ ಬಂದು ನೋಡಲಿ. ನಾನು ಕಂಡ ಹಲವು ಶಾಲೆಗಳಲ್ಲಿ ಚದುರಂಗದ ಮಣೆ ಇದೆ. ಬೀರುವಿನಲ್ಲಿ ಬೀಗ ಹಾಕಿಸಿಕೊಂಡು ಇದೆ. ತೆಗೆದುಕೊಟ್ಟರೆ ಮಕ್ಕಳು ಆಡುತ್ತಾರೆ. ಆದರೆ ಎಷ್ಟು ದಿನ ಆಡಿದರೂ ಅಲ್ಲಿಗೇ ನಿಲ್ಲುತ್ತಾರೆ, ಏಕೆಂದರೆ ಮುಂದಿನ ಮೆಟ್ಟಿಲು ಪುಸ್ತಕ. ಅವರ ನುಡಿಯಲ್ಲಿ ಆ ಪುಸ್ತಕ ಅವರ ಕೈಗೆ ಸಿಗುವುದಿಲ್ಲ. ನಗರದ ಮಗುವಿಗೆ ಗಂಟೆಗೆ ಇಷ್ಟೆಂದು ಹಣ ಪಡೆಯುವ ಗುರು ಇದ್ದಾನೆ. ಹರದನಹಳ್ಳಿಯ ಮಗುವಿಗೆ ಟೀಕೆಯೇ ಗುರು. ಅದನ್ನು ಕೊಡದೆ, ಹಳ್ಳಿಯ ಮಕ್ಕಳಿಗೆ ಬುದ್ಧಿ ಓಡುವುದಿಲ್ಲವೆನ್ನುವುದು ಏಣಿಯನ್ನು ಎತ್ತಿಟ್ಟುಕೊಂಡು ಅಟ್ಟ ಹತ್ತು ಎಂದಂತೆ. ಒಂದೂರಿನಿಂದ ಈ ದೇಶಕ್ಕೆ ಪ್ರಧಾನಿ ಬರಬಹುದಾದರೆ ಗ್ರ್ಯಾಂಡ್‌ಮಾಸ್ಟರ್ ಬರಬಾರದೆಂದು ಯಾವ ಶಾಸ್ತ್ರದಲ್ಲಿದೆ?

ಬರಿಯ ದೂರಿನಿಂದ ಪ್ರಯೋಜನವಿಲ್ಲ. ನಿಮ್ಮಲ್ಲಿ ಚದುರಂಗ ಬಲ್ಲವರು ಅನೇಕರಿದ್ದೀರಿ. ಸಾಫ್ಟ್‌ವೇರಿನವರು, ಬ್ಯಾಂಕಿನವರು, ಸ್ವತಃ ಉಪಾಧ್ಯಾಯರಾದವರು. ಒಬ್ಬೊಬ್ಬರೂ ಒಂದೊಂದು ಆಟವನ್ನು ಆರಿಸಿಕೊಳ್ಳಿ. ದೊಡ್ಡ ಪಂದ್ಯಾವಳಿಯ ಒಂದು ಸುತ್ತನ್ನು ನಾಲ್ಕೈದು ಮಂದಿ ಹಂಚಿಕೊಂಡರೂ ಆಯಿತು. ಎರಡು ಪುಟಕ್ಕೆ ಮೀರದಂತೆ, ಎಂಟನೆಯ ತರಗತಿಯ ಮಗುವಿಗೆ ಅರ್ಥವಾಗುವಂತೆ ಕನ್ನಡದಲ್ಲಿ ಟೀಕೆ ಬರೆದು ಕಳುಹಿಸಿ. ಕಂಪ್ಯೂಟರಿನಿಂದ ತಾಳೆ ನೋಡಿಕೊಳ್ಳಿ, ಬೇಡವೆನ್ನುವುದಿಲ್ಲ. ಆದರೆ ಪ್ರತಿ ನಡೆಗೂ “ಯಾಕೆ” ಎಂಬುದಕ್ಕೆ ನಿಮ್ಮ ಮಾತಿನಲ್ಲಿ ಉತ್ತರವಿರಲಿ. ನೂರು ಪುಟವಾದಾಗ ಪ್ರತಿ ಮಾಡಿಸಿ ನಮ್ಮ ಸುತ್ತಿನ ಪ್ರೌಢಶಾಲೆಗಳಿಗೆ ತಲುಪಿಸುವ ಹೊಣೆ ನನ್ನದು.

ಮೇಲಿನ ಹದಿನಾಲ್ಕನೆಯ ಆಟ ನನ್ನ ಪಾಲಿನದು. ಅದನ್ನು ಮೊದಲ ನಡೆಯಿಂದ ಬರೆಯಲು ತೊಡಗಿದ್ದೇನೆ. ಮುಂದಿನದು ನಿಮ್ಮ ನಡೆ.