ಎಣಿಕೆಗೆ ಮುನ್ನ ಓದು

ತಮಿಳುನಾಡಿನ ತೇನಿ ಜಿಲ್ಲೆಯ ಕಂಬಂ ಕಣಿವೆ ಕನ್ನಡ ವಿದ್ಯಾರ್ಥಿಗಳಿಗೆ ಅಪರಿಚಿತವಾಗಿ ಉಳಿಯಬೇಕಾದ ನೆಲವಲ್ಲ. ಅಲ್ಲಿಯೂ ನೆರೆಯ ದಿಂಡಿಗಲ್ಲಿನಲ್ಲಿಯೂ ತಲೆಮಾರುಗಳಿಂದ ಕನ್ನಡವನ್ನು ಮನೆಮಾತಾಗಿ ಉಳಿಸಿಕೊಂಡು ಬಂದ ಬೇಸಾಯಗಾರ ಸಮುದಾಯಗಳಿವೆ. 1895ರಲ್ಲಿ ಪೂರ್ಣಗೊಂಡ ಪೆರಿಯಾರ್ ಅಣೆಕಟ್ಟಿನ ನೀರು ಆ ಕಣಿವೆಯ ಭತ್ತದ ಗದ್ದೆಗಳಿಗೆ ಆಧಾರ. ಭತ್ತದ ದುಡಿಮೆಗೆ ಅಂಟಿಕೊಂಡ ಒಂದು ಅಪಾಯವೂ ಇದೆ. ಕೊಯ್ಲಿನಲ್ಲೋ ಒಕ್ಕಣೆಯಲ್ಲೋ ಹೊಟ್ಟಿನ ಚೂರು ಕಣ್ಣಿಗೆ ತಾಗಿ ಗೀರುತ್ತದೆ. ಗೀರಿನಲ್ಲಿ ಶಿಲೀಂಧ್ರ ಬೆಳೆದು ಕಾರ್ನಿಯಾ ಹುಣ್ಣಾಗುತ್ತದೆ. ಚಿಕಿತ್ಸೆ ತಡವಾದರೆ ದೃಷ್ಟಿಯೇ ಹೋಗುತ್ತದೆ.

ಈ ಕಾಯಿಲೆಯ ವ್ಯಾಪ್ತಿಯನ್ನು ಯಾರಾದರೂ ಲೆಕ್ಕ ಹಾಕಬೇಕಿತ್ತು. ತೇನಿಯು ಇನ್ನೂ ಮಧುರೈ ಜಿಲ್ಲೆಯ ಭಾಗವಾಗಿದ್ದ 1993ನೆಯ ವರ್ಷವನ್ನು ಆಧಾರವಾಗಿಟ್ಟುಕೊಂಡು, ಮಧುರೈಯ ಅರವಿಂದ ಕಣ್ಣಾಸ್ಪತ್ರೆಯ ಎಂ. ಶ್ರೀನಿವಾಸನ್ ಅವರೂ ಸೇರಿದ್ದ ತಂಡವೊಂದು 1996ರಲ್ಲಿ ಪ್ರಬಂಧ ಪ್ರಕಟಿಸಿತು. ಅದರಂತೆ ಜಿಲ್ಲೆಯಲ್ಲಿ ವರ್ಷಕ್ಕೆ ಲಕ್ಷ ಜನರಲ್ಲಿ 113 ಮಂದಿಗೆ ಕಾರ್ನಿಯಾದ ಹುಣ್ಣು. ಇದು ಅಮೆರಿಕದ ಮಿನೆಸೋಟ ರಾಜ್ಯದ ಒಂದು ಕೌಂಟಿಯಲ್ಲಿ ಕಂಡ ಪ್ರಮಾಣದ ಸುಮಾರು ಹತ್ತು ಪಟ್ಟು. ಒಂದು ಸೀಮೆಯ ಕಷ್ಟ ಅಂಕಿಯಾಗಿ ಲೋಕದ ಮುಂದೆ ನಿಂತದ್ದು ಹೀಗೆ.

ಇಂಥ ಕೆಲಸ ಮಾಡುವ ವೈದ್ಯ ಸಂಶೋಧಕರನ್ನು ಅಳೆಯುವುದು ಹೇಗೆ? ಇಂದು ಸಿದ್ಧವಾಗಿರುವ ಉತ್ತರ ಎಣಿಕೆ. ಎಷ್ಟು ಪ್ರಬಂಧ, ಎಷ್ಟು ಉಲ್ಲೇಖ, ಎಂಥ ಪತ್ರಿಕೆ? ವೈದ್ಯಕೀಯ ಕಾಲೇಜುಗಳ ಅಧ್ಯಾಪಕರ ಬಡ್ತಿಯಲ್ಲಿ, ಪತ್ರಿಕೆಯು ನಿಗದಿತ ಸೂಚಿಗಳಲ್ಲಿ ಸೇರಿದೆಯೇ, ಲೇಖಕರ ಸಾಲಿನಲ್ಲಿ ಹೆಸರು ಎಷ್ಟನೆಯದು ಎಂಬುದೂ ಲೆಕ್ಕಕ್ಕೆ ಬರುತ್ತದೆ. 2005ರಲ್ಲಿ ಭೌತವಿಜ್ಞಾನಿ ಜಾರ್ಜ್ ಹಿರ್ಷ್ ಸೂಚಿಸಿದ ಎಚ್-ಸೂಚ್ಯಂಕದ ಪ್ರಕಾರ, ಒಬ್ಬರ ಹತ್ತು ಪ್ರಬಂಧಗಳು ತಲಾ ಹತ್ತು ಬಾರಿಯಾದರೂ ಉಲ್ಲೇಖಗೊಂಡಿದ್ದರೆ ಅವರ ಅಂಕ ಹತ್ತು. ಸಾವಿರ ಬಾರಿ ಉಲ್ಲೇಖಗೊಂಡ ಒಂದೇ ಪ್ರಬಂಧ ಬರೆದವರಿಗೆ ಸಿಗುವ ಅಂಕ ಕೇವಲ ಒಂದು.

ಎಣಿಕೆಯನ್ನು ಸಾರಾಸಗಟಾಗಿ ತಳ್ಳಿಹಾಕುವುದು ನ್ಯಾಯವಲ್ಲ. ಶಿಫಾರಸು, ವಶೀಲಿ, ಬರಿಯ ಹಿರಿತನ ಇವುಗಳ ಎದುರು ಸಣ್ಣ ಊರಿನ ಸಂಶೋಧಕನಿಗೆ ಅಂಕಿಯೊಂದೇ ಆಸರೆಯಾಗಬಲ್ಲದು. ಆದರೆ ಉಲ್ಲೇಖಗಳ ಸಂಖ್ಯೆ ಹೇಳುವುದು ಒಂದೇ ಸಂಗತಿಯನ್ನು: ಬೇರೆ ಲೇಖಕರು ಆ ಪ್ರಬಂಧವನ್ನು ಎಷ್ಟು ಬಾರಿ ಹೆಸರಿಸಿದರು ಎಂಬುದನ್ನು. ಹೆಚ್ಚು ಸಂಶೋಧಕರಿರುವ ಕ್ಷೇತ್ರದಲ್ಲಿ ಉಲ್ಲೇಖಗಳು ಹೆಚ್ಚು. ಬಡ ರೈತರ ಕಾಯಿಲೆಯನ್ನು ಅಧ್ಯಯನ ಮಾಡುವವರು ಕಡಿಮೆಯಾದ್ದರಿಂದ ಅಲ್ಲಿ ಉಲ್ಲೇಖಗಳೂ ಕಡಿಮೆ. ಕಣ್ಣು ಉಳಿಸಿಕೊಂಡ ಕೂಲಿ ಹೆಂಗಸು ಪ್ರಬಂಧ ಬರೆಯುವುದಿಲ್ಲ. ಆಕೆಯ ಸಾಕ್ಷ್ಯ ಯಾವ ಸೂಚಿಯಲ್ಲಿಯೂ ದಾಖಲಾಗುವುದಿಲ್ಲ.

ಕಾಲದ ತೊಡಕೂ ಉಂಟು. ಪತ್ರಿಕೆಗಳ ಪ್ರಭಾವಾಂಕವನ್ನು ಸಾಮಾನ್ಯವಾಗಿ ಹಿಂದಿನ ಎರಡು ವರ್ಷಗಳ ಪ್ರಬಂಧಗಳಿಗೆ ಬಂದ ಉಲ್ಲೇಖಗಳಿಂದ ಲೆಕ್ಕ ಹಾಕುತ್ತಾರೆ. ಕಲ್ಕತ್ತೆಯ ಶಂಭುನಾಥ ಡೇ ಅವರು ಕಾಲರಾ ರೋಗಾಣುವಿನ ವಿಷವೇ ಕರುಳಿನಿಂದ ನೀರು ಹರಿಸುತ್ತದೆಂದು ತೋರಿಸಿದ ಪ್ರಬಂಧ 1959ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಬಂತು. ಅದರ ಬೆಲೆ ವಿದ್ವಲ್ಲೋಕಕ್ಕೆ ತಿಳಿಯಲು ವರ್ಷಗಳೇ ಹಿಡಿದವು. 1978ರಲ್ಲಿ ನೊಬೆಲ್ ವಿಚಾರಸಂಕಿರಣಕ್ಕೆ ಅವರಿಗೆ ಆಹ್ವಾನ ಬಂತು. 1985ರಲ್ಲಿ ಅವರು ತೀರಿಕೊಂಡರು. ಮರುವರ್ಷ ಆ ಪ್ರಬಂಧದ ಮಹತ್ವವನ್ನು ವಿವರಿಸಿ ಲೇಖನ ಬರೆದವರು ಯೂಜೀನ್ ಗಾರ್ಫೀಲ್ಡ್, ವಿಜ್ಞಾನ ಉಲ್ಲೇಖಸೂಚಿಯನ್ನು ಕಟ್ಟಿದವರು. ಅಳತೆಗೋಲನ್ನು ರೂಪಿಸಿದವರೇ ಒಂದು ಕೃತಿಯ ಬೆಲೆ ತಿಳಿಸಲು ಅದರ ಚರಿತ್ರೆಯನ್ನು ಬಿಡಿಸಿ ಹೇಳಬೇಕಾಯಿತು.

ಅಂಕಿಯೇ ಗುರಿಯಾದರೆ ನಡತೆಯೂ ಬದಲಾಗುತ್ತದೆ. ಒಂದು ಅಧ್ಯಯನ ಮೂರು ತುಂಡಾಗಿ ಪ್ರಕಟವಾಗುತ್ತದೆ. ಕೆಲಸ ಮಾಡದವರ ಹೆಸರು ಲೇಖಕರ ಸಾಲಿಗೆ ಸೇರುತ್ತದೆ. ಹಣ ಪಡೆದು ಏನನ್ನಾದರೂ ಅಚ್ಚು ಹಾಕುವ ಪತ್ರಿಕೆಗಳು ಹುಟ್ಟಿಕೊಳ್ಳುತ್ತವೆ. ಇದೆಲ್ಲಕ್ಕಿಂತ ದೊಡ್ಡ ನಷ್ಟವೆಂದರೆ, ಕಿರಿಯ ವೈದ್ಯನೊಬ್ಬ ಕಣಿವೆಯ ಕಾಯಿಲೆಯನ್ನು ಬಿಟ್ಟು, ದೂರದ ಪತ್ರಿಕೆಗೆ ಪ್ರಿಯವಾದ ವಿಷಯವನ್ನು ಆರಿಸಿಕೊಳ್ಳುವುದು.

ಪರಿಹಾರದ ದಾರಿ ಅಜ್ಞಾತವೇನಲ್ಲ. ಪತ್ರಿಕೆಯ ಪ್ರಭಾವಾಂಕವನ್ನು ವ್ಯಕ್ತಿಯ ಯೋಗ್ಯತೆಯ ಅಳತೆಯಾಗಿ ಬಳಸಬಾರದೆಂದು 2012ರ ಸ್ಯಾನ್ ಫ್ರಾನ್ಸಿಸ್ಕೋ ಘೋಷಣೆ ಹೇಳಿತು. ಸ್ಥಳೀಯವಾಗಿ ಮುಖ್ಯವಾದ ಸಂಶೋಧನೆಯ ಶ್ರೇಷ್ಠತೆಯನ್ನು ಕಾಪಾಡಬೇಕೆಂಬುದು 2015ರ ಲೈಡನ್ ಪ್ರಣಾಳಿಕೆಯ ತತ್ತ್ವಗಳಲ್ಲಿ ಒಂದು. ಆಯ್ಕೆ ಸಮಿತಿಯು ಅಭ್ಯರ್ಥಿಯಿಂದ ಮೂರು ಪ್ರಬಂಧಗಳನ್ನು ಮಾತ್ರ ಕೇಳಿ, ಅವುಗಳಿಂದ ಚಿಕಿತ್ಸೆಯಲ್ಲಿ ಅಥವಾ ತಿಳಿವಳಿಕೆಯಲ್ಲಿ ಏನು ಬದಲಾಯಿತೆಂದು ಒಂದು ಪುಟದಲ್ಲಿ ಬರೆಸಿಕೊಂಡು, ವಿಷಯತಜ್ಞರಿಂದ ಓದಿಸಲಿ. ಆಮೇಲೆ ಅಂಕಿಗಳನ್ನು ನೋಡಲಿ. ಓದಿಗೆ ಸಮಯ ಬೇಕು, ಪಕ್ಷಪಾತದ ಭಯವೂ ಇದೆ; ತೀರ್ಮಾನಕ್ಕೆ ಲಿಖಿತ ಕಾರಣ ಕೊಡುವ ನಿಯಮ ಆ ಭಯವನ್ನು ಕಡಿಮೆ ಮಾಡುತ್ತದೆ.

ಇದು ವೈದ್ಯರ ಚಿಂತೆಯಷ್ಟೇ ಅಲ್ಲ. ಕಂಬಂ ಕಣಿವೆಯ ಮನೆಗಳಲ್ಲಿ ತಮಿಳಿನ ನಡುವೆ ಉಳಿದಿರುವ ಕನ್ನಡದ ಪದಗಳನ್ನೂ ಕ್ರಿಯಾರೂಪಗಳನ್ನೂ ನಾಳೆ ಈ ವಿಭಾಗದ ವಿದ್ಯಾರ್ಥಿಯೊಬ್ಬಳು ದಾಖಲಿಸಿ ಕನ್ನಡದಲ್ಲಿಯೇ ಪ್ರಬಂಧ ಬರೆದರೆ, ಅದನ್ನು ಉಲ್ಲೇಖಿಸುವವರು ಬೆರಳೆಣಿಕೆಯಷ್ಟು ಮಂದಿ. ಆ ಮಾತುಗಳನ್ನಾಡುವ ಹಿರಿಯರು ಕಾಲವಾದ ಮೇಲೆ ಆ ಪ್ರಬಂಧವೊಂದೇ ಸಾಕ್ಷಿಯಾಗಿ ಉಳಿಯಬಹುದು. ಅದನ್ನು ತೂಗುವ ಸಮಿತಿ ಮೊದಲು ಪುಟ ತೆರೆಯಬೇಕು.